ಲೇಬಲ್ಲಿನ ಅಂಕಿಗಳು ಮತ್ತು ನಮ್ಮ ಆರೋಗ್ಯ: ಆಹಾರಕ್ಕೆ ಬೆರೆಸುವ ಪದಾರ್ಥಗಳ ಬಗ್ಗೆ ಓದುಗರ ಪ್ರಶ್ನೆಗಳು

ಸಿದ್ಧ ಆಹಾರಗಳಿಗೆ ಬೆರೆಸುವ ಬಣ್ಣ, ಸ್ವಾದ, ಸಂರಕ್ಷಕಗಳ ಬಗ್ಗೆ ಓದುಗರಿಂದ ಹಲವು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಪೊಟ್ಟಣಗಳ ಹಿಂಬದಿಯಲ್ಲಿ 322, 330, 415, 471 ಎಂಬಂಥ ಅಂಕಿಗಳಿರುತ್ತವೆ. ಹೆಸರಿನ ಬದಲು ಅಂಕಿ ಬರೆಯುವುದೇಕೆ? ಇವು ತಿನ್ನಲು ಸುರಕ್ಷಿತವೆಂದು ಯಾರು, ಯಾವ ಆಧಾರದ ಮೇಲೆ ಹೇಳುತ್ತಾರೆ?

ಉತ್ತರ: ಏನನ್ನೋ ಮುಚ್ಚಿಡುವುದಕ್ಕಾಗಿಯೇ ಅಂಕಿ ಬರೆಯುತ್ತಾರೆಂಬ ಅನುಮಾನ ಅನೇಕ ಪತ್ರಗಳಲ್ಲಿದೆ. ಆದರೆ ಒಂದೇ ಪದಾರ್ಥಕ್ಕೆ ಒಂದೊಂದು ಭಾಷೆಯಲ್ಲಿ ಒಂದೊಂದು ಹೆಸರಿರುವುದರಿಂದ, ಯಾವ ದೇಶದಲ್ಲಿ ಓದಿದರೂ ಅದು ಅದೇ ಪದಾರ್ಥವೆಂದು ಗುರುತು ಸಿಗಲಿ ಎಂಬ ಉದ್ದೇಶದಿಂದ ಈ ಅಂತರರಾಷ್ಟ್ರೀಯ ಸಂಖ್ಯಾಪದ್ಧತಿ ಬಳಕೆಗೆ ಬಂತು. ಯುರೋಪಿನಲ್ಲಿ ಅದೇ ಸಂಖ್ಯೆಯ ಮುಂದೆ 'ಇ' ಅಕ್ಷರವನ್ನು ಸೇರಿಸುತ್ತಾರೆ. 300 ಎಂದರೆ ವಿಟಮಿನ್ ಸಿ, 100 ಎಂದರೆ ಅರಿಸಿನದ ಹಳದಿ, 440 ಎಂದರೆ ಹಣ್ಣುಗಳಲ್ಲಿರುವ ಪೆಕ್ಟಿನ್, 500 ಎಂದರೆ ಅಡುಗೆ ಸೋಡದ ಗುಂಪು. ನೀವು ಕೇಳಿರುವ 322 ಲೆಸಿಥಿನ್. ಮೊಟ್ಟೆಯ ಹಳದಿಯಲ್ಲೂ ಸೋಯಾದಲ್ಲೂ ಇರುವ ಇದು ಎಣ್ಣೆ ಮತ್ತು ನೀರು ಬೇರ್ಪಡದಂತೆ ಹಿಡಿದಿಡುತ್ತದೆ. ಅದೇ ಕೆಲಸಕ್ಕೆ ಬಳಸುವ 471 ಕೊಬ್ಬಿನಿಂದಲೇ ತಯಾರಾಗುತ್ತದೆ, ದೇಹ ಅದನ್ನು ಕೊಬ್ಬಿನಂತೆಯೇ ಜೀರ್ಣಿಸಿಕೊಳ್ಳುತ್ತದೆ. 415 ಕ್ಸಾಂಥನ್ ಗಮ್, ಒಂದು ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿದಾಗ ಬರುವ ಅಂಟು.

330 ಅಂದರೆ ಸಿಟ್ರಿಕ್ ಆಮ್ಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ 'ನೈಸರ್ಗಿಕ' ಮತ್ತು 'ಕಾರ್ಖಾನೆಯದು' ಎಂಬ ವಿಭಜನೆ ಎಷ್ಟು ಸಡಿಲವೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಇದನ್ನು ನಿಂಬೆ ಜಾತಿಯ ಹಣ್ಣುಗಳ ರಸದಿಂದ ಬೇರ್ಪಡಿಸುತ್ತಿದ್ದರು. ಆಸ್ಪರ್ಜಿಲ್ಲಸ್ ನೈಜರ್ ಎಂಬ ಕಪ್ಪು ಬೂಷ್ಟನ್ನು ಸಕ್ಕರೆ ದ್ರಾವಣದಲ್ಲಿ ಬೆಳೆಸಿದರೆ ಅದು ಹೇರಳವಾಗಿ ಸಿಟ್ರಿಕ್ ಆಮ್ಲವನ್ನು ಹೊರಸೂಸುತ್ತದೆ ಎಂಬುದನ್ನು ಅಮೆರಿಕದ ಜೇಮ್ಸ್ ಕರಿ 1917ರಲ್ಲಿ ತೋರಿಸಿಕೊಟ್ಟರು. ಇಂದು ಪೇಟೆಗೆ ಬರುವ ಸಿಟ್ರಿಕ್ ಆಮ್ಲದ ಬಹುಪಾಲು ಹೀಗೆ ತಯಾರಾಗುವಂಥದು: ದೊಡ್ಡ ತೊಟ್ಟಿಯಲ್ಲಿ ಬೂಷ್ಟನ್ನು ಬೆಳೆಸಿ, ಅದನ್ನು ಸೋಸಿ ತೆಗೆದು, ಉಳಿದ ದ್ರಾವಣದಿಂದ ಆಮ್ಲವನ್ನು ಬೇರ್ಪಡಿಸಿ, ಶುದ್ಧೀಕರಿಸಿ, ಹರಳುಗಟ್ಟಿಸುತ್ತಾರೆ. ಹಣ್ಣಿನಲ್ಲಿರುವ ಅಣುವಿಗೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಆಹಾರದಿಂದ ಶಕ್ತಿ ಪಡೆಯುವ ಕ್ರಿಯೆಯಲ್ಲಿ ನಮ್ಮ ಜೀವಕೋಶಗಳು ಇದೇ ಆಮ್ಲವನ್ನು ಸದಾ ತಯಾರಿಸುತ್ತಾ ಒಡೆಯುತ್ತಾ ಇರುತ್ತವೆ.

ಇನ್ನು, ಸುರಕ್ಷಿತವೆಂದು ಹೇಳುವವರು ಯಾರು ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ ನಡೆಸುವ ತಜ್ಞರ ಜಂಟಿ ಸಮಿತಿಯೊಂದು 1956ರಿಂದ ಈ ಕೆಲಸ ಮಾಡುತ್ತಿದೆ. ಯುರೋಪಿಗೆ, ಅಮೆರಿಕಕ್ಕೆ ಅವರವರ ಸಂಸ್ಥೆಗಳಿವೆ. ಅಮೆರಿಕದ 1958ರ ಕಾನೂನು, ತಜ್ಞರು ಸಾಮಾನ್ಯವಾಗಿ ಸುರಕ್ಷಿತವೆಂದು ಒಪ್ಪಿರುವ ಪದಾರ್ಥಗಳೆಂಬ ಪ್ರತ್ಯೇಕ ವರ್ಗವನ್ನೇ ಮಾಡಿತು. ಉಪ್ಪು, ವಿನಿಗರ್, ಮಸಾಲೆಗಳು, ಅಡುಗೆ ಸೋಡ ಮುಂತಾಗಿ ದೀರ್ಘಕಾಲದಿಂದ ಜನ ತಿನ್ನುತ್ತಾ ಬಂದವು ಅದರಲ್ಲಿ ಸೇರಿದವು.

ಅಂಥ ಚರಿತ್ರೆ ಇಲ್ಲದ ಪದಾರ್ಥವನ್ನು ಪ್ರಾಣಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ದೀರ್ಘಕಾಲ ತಿನ್ನಿಸಿ, ಯಾವ ಪ್ರಮಾಣದವರೆಗೆ ಯಾವ ಕೆಡುಕೂ ಕಾಣುವುದಿಲ್ಲ ಎಂಬುದನ್ನು ಮೊದಲು ಗುರುತಿಸುತ್ತಾರೆ. ಮನುಷ್ಯರು ಪ್ರಾಣಿಗಳಿಗಿಂತ ಹತ್ತುಪಟ್ಟು ಸೂಕ್ಷ್ಮವಾಗಿರಬಹುದು, ಮನುಷ್ಯರಲ್ಲೇ ಕೆಲವರು ಉಳಿದವರಿಗಿಂತ ಹತ್ತುಪಟ್ಟು ಸೂಕ್ಷ್ಮವಾಗಿರಬಹುದು ಎಂದು ಭಾವಿಸಿ, ಸಾಮಾನ್ಯವಾಗಿ ಆ ಪ್ರಮಾಣವನ್ನು ನೂರರಿಂದ ಭಾಗಿಸುತ್ತಾರೆ. ಹಾಗೆ ಸಿಗುವುದೇ ದೈನಂದಿನ ಸೇವನಾ ಮಿತಿ: ಜೀವಮಾನವಿಡೀ ಪ್ರತಿದಿನ ತಿಂದರೂ ಗಮನಾರ್ಹ ಅಪಾಯವಿಲ್ಲದ ಪ್ರಮಾಣ. ದೇಹತೂಕದ ಪ್ರತಿ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಅದನ್ನು ಹೇಳುತ್ತಾರೆ. ಸಿಟ್ರಿಕ್ ಆಮ್ಲ, ಲೆಸಿಥಿನ್, ಪೆಕ್ಟಿನ್‌ಗಳಂಥವಕ್ಕೆ ಜಂಟಿ ಸಮಿತಿ ಅಂಕಿರೂಪದ ಮಿತಿಯನ್ನೇ ಹಾಕಿಲ್ಲ, ಹಾಕುವ ಅಗತ್ಯ ಕಂಡಿಲ್ಲ. 'ಸುರಕ್ಷಿತ' ಎಂಬ ಮಾತಿಗೆ ಹೀಗೆ ಯಾವಾಗಲೂ ಒಂದು ಪ್ರಮಾಣ ಅಂಟಿಕೊಂಡಿರುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ, ಮುಂದಿನ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ.

ಪ್ರಶ್ನೆ: ರುಚಿಗೆ ಬೆರೆಸುವ ಮಾನೊಸೋಡಿಯಂ ಗ್ಲುಟಮೇಟ್ ನರಗಳಿಗೆ ವಿಷವೆಂದು ಹೇಳುತ್ತಾರೆ. ಅದನ್ನು ಪೂರ್ತಿ ಬಿಟ್ಟುಬಿಡಬೇಕೆ?

ಉತ್ತರ: ಬಿಡುವುದು ನಿಮ್ಮಿಷ್ಟ, ಆದರೆ ವಿಷವೆಂಬ ಭಯದಿಂದ ಬಿಡಬೇಕಾಗಿಲ್ಲ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡ 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಆ ಸಾರಿನ ವಿಶಿಷ್ಟ ರುಚಿಗೆ ಅದೇ ಕಾರಣವೆಂದು ತೋರಿಸಿದರು. ಅದರ ಸೋಡಿಯಂ ಲವಣವೇ 621. ಟೊಮೆಟೊ, ಅಣಬೆ, ಹಳೆಯ ಗಟ್ಟಿ ಚೀಸ್ ಇವುಗಳ ರುಚಿಯಲ್ಲಿ ಗ್ಲುಟಮೇಟಿನ ಪಾಲು ದೊಡ್ಡದು, ತಾಯಿಯ ಹಾಲಿನಲ್ಲೂ ಅದು ಧಾರಾಳವಾಗಿದೆ. ಪೊಟ್ಟಣದಿಂದ ಬಂದ ಗ್ಲುಟಮೇಟನ್ನೂ ಟೊಮೆಟೊದಿಂದ ಬಂದದ್ದನ್ನೂ ದೇಹ ಬೇರೆ ಬೇರೆಯಾಗಿ ಕಾಣುವುದಿಲ್ಲ. ತಿಂದ ಗ್ಲುಟಮೇಟಿನ ಹೆಚ್ಚಿನ ಭಾಗವನ್ನು ಕರುಳಿನ ಗೋಡೆಯ ಕೋಶಗಳೇ ಇಂಧನವಾಗಿ ಬಳಸಿಕೊಳ್ಳುತ್ತವೆ.

ಈ ಭಯದ ಮೂಲ 1968ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪತ್ರ. ಚೀನೀ ಹೋಟೆಲುಗಳಲ್ಲಿ ಊಟ ಮಾಡಿದ ಮೇಲೆ ಕತ್ತಿನ ಹಿಂಭಾಗ ಮರಗಟ್ಟಿದಂತಾಗುತ್ತದೆ, ನಿಶ್ಶಕ್ತಿಯಾಗುತ್ತದೆ, ಎದೆ ಬಡಿತ ಹೆಚ್ಚುತ್ತದೆ ಎಂದು ವೈದ್ಯರೊಬ್ಬರು ತಮ್ಮ ಅನುಭವವನ್ನು ಬರೆದು, ಇರಬಹುದಾದ ಹಲವು ಕಾರಣಗಳಲ್ಲಿ ಗ್ಲುಟಮೇಟನ್ನೂ ಒಂದಾಗಿ ಹೆಸರಿಸಿದ್ದರು. ಊಹೆಯಾಗಿದ್ದದ್ದು ಜನರ ಬಾಯಲ್ಲಿ ತೀರ್ಮಾನವಾಯಿತು, ಒಂದು ಸಮುದಾಯದ ಅಡುಗೆಗೆ ಅನ್ಯಾಯವಾಗಿ ಕಳಂಕವೂ ಅಂಟಿತು. ಅನಂತರ, ಯಾರಿಗೆ ಏನು ಕೊಟ್ಟಿದೆ ಎಂಬುದು ತಿನ್ನುವವರಿಗೂ ಕೊಡುವವರಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಗಳಲ್ಲಿ ಈ ಲಕ್ಷಣಗಳು ಸ್ಥಿರವಾಗಿ ಮರುಕಳಿಸಲಿಲ್ಲ. ಆಹಾರವಿಲ್ಲದೆ ಬರಿಯ 3 ಗ್ರಾಂ ಅಥವಾ ಅದಕ್ಕಿಂತ ಹೆಚ್ಚನ್ನು ಒಮ್ಮೆಲೇ ತೆಗೆದುಕೊಂಡಾಗ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಮುಖ ಬಿಸಿಯಾಗುವುದು ಮುಂತಾದವು ಕಾಣಿಸಿಕೊಳ್ಳಬಹುದೆಂದು 1995ರಲ್ಲಿ ಅಮೆರಿಕದ ಸರ್ಕಾರಕ್ಕಾಗಿ ನಡೆದ ಪರಿಶೀಲನೆ ಹೇಳಿತು. ಸಾಮಾನ್ಯವಾಗಿ ಒಂದು ಬಡಿಸುವಿಕೆಯಲ್ಲಿ ಬೆರೆಸಿರುವುದು ಅರ್ಧ ಗ್ರಾಮಿಗಿಂತ ಕಡಿಮೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2017ರಲ್ಲಿ ಕಿಲೋಗೆ 30 ಮಿಲಿಗ್ರಾಂ ಮಿತಿಯನ್ನು ಹಾಕಿದೆ. ಜಂಟಿ ಸಮಿತಿ ಅಂಕಿಯ ಮಿತಿ ಬೇಡವೆಂದೇ 1987ರಲ್ಲಿ ಹೇಳಿತ್ತು. ರಕ್ತದೊತ್ತಡವಿರುವವರು ಗಮನಿಸಬೇಕಾದದ್ದು ಅದರ ಸೋಡಿಯಂ ಅಂಶವನ್ನು. ಅದು ಸುಮಾರು ಶೇ. 12ರಷ್ಟಿದೆ, ಅಡುಗೆ ಉಪ್ಪಿನಲ್ಲಿ ಸುಮಾರು ಶೇ. 39ರಷ್ಟಿದೆ. 621 ಇರುವ ತಿಂಡಿಗಳಲ್ಲಿ ಹೆಚ್ಚಿನವುಗಳ ನಿಜವಾದ ತೊಂದರೆ ಅವುಗಳಲ್ಲಿರುವ ಉಪ್ಪು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನೈಸರ್ಗಿಕ ಸ್ವಾದವೆಂದು ಬರೆದಿರುವುದನ್ನೇ ಕೊಳ್ಳುತ್ತೇವೆ, ಕೃತಕ ಎಂದು ಬರೆದಿರುವುದನ್ನು ಮುಟ್ಟುವುದಿಲ್ಲ. ಇದು ಸರಿಯಾದ ಕ್ರಮವಲ್ಲವೆ?

ಉತ್ತರ: ಸುರಕ್ಷತೆಯ ದೃಷ್ಟಿಯಿಂದ ಈ ಆಯ್ಕೆಗೆ ಆಧಾರ ಕಡಿಮೆ. ವೆನಿಲಾ ಬಳ್ಳಿಯ ಕೋಡನ್ನು ಹದಮಾಡಿ ಒಣಗಿಸಿದಾಗ ಅದರಲ್ಲಿ ಸುಮಾರು ಶೇ. 2ರಷ್ಟು ವೆನಿಲಿನ್ ಇರುತ್ತದೆ. ಅದೇ ಅಣುವನ್ನು ಜರ್ಮನಿಯ ಟೀಮನ್ ಮತ್ತು ಹಾರ್ಮನ್ 1874ರಲ್ಲಿ ಪೀತದಾರು ಜಾತಿಯ ಮರಗಳಲ್ಲಿ ಸಿಗುವ ಕೊನಿಫೆರಿನ್ ಎಂಬ ಪದಾರ್ಥದಿಂದ ತಯಾರಿಸಿದರು. ಈಗ ಅದನ್ನು ಹೆಚ್ಚಾಗಿ ಪೆಟ್ರೋಲಿಯಂ ಮೂಲದ ಗ್ವಾಯಕೋಲ್‌ನಿಂದಲೂ, ಸ್ವಲ್ಪಮಟ್ಟಿಗೆ ಮರದ ಲಿಗ್ನಿನ್‌ನಿಂದಲೂ ಪಡೆಯುತ್ತಾರೆ. ಕೋಡಿನಲ್ಲಿ ವೆನಿಲಿನ್ ಜೊತೆಗೆ ನೂರಾರು ಇತರ ಪರಿಮಳ ಅಣುಗಳಿರುವುದರಿಂದ ಅದರ ಸ್ವಾದ ಹೆಚ್ಚು ಸಮೃದ್ಧ ಎಂಬುದು ನಿಜ. ರುಚಿಗಾಗಿ ಅದನ್ನು ಆರಿಸಿಕೊಳ್ಳುವವರ ಜೊತೆ ನನ್ನ ತಕರಾರಿಲ್ಲ.

ಕಹಿ ಬಾದಾಮಿಯ ಉದಾಹರಣೆ ಇನ್ನೂ ತೀಕ್ಷ್ಣವಾದದ್ದು. ಬಾದಾಮಿ ಎಸೆನ್ಸಿನ ಮುಖ್ಯ ಅಣು ಬೆಂಜಾಲ್ಡಿಹೈಡ್. ಕಹಿ ಬಾದಾಮಿಯ ಬೀಜದಲ್ಲಿರುವ ಅಮಿಗ್ಡಲಿನ್ ಒಡೆದಾಗ ಬೆಂಜಾಲ್ಡಿಹೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊರಬರುತ್ತದೆ, ಆದ್ದರಿಂದ ನೈಸರ್ಗಿಕ ಎಣ್ಣೆಯಿಂದ ಆ ವಿಷವನ್ನು ತೆಗೆದೇ ಬಳಸಬೇಕಾಗುತ್ತದೆ. ಕಾರ್ಖಾನೆಯಲ್ಲಿ ಬೇರೆ ಮೂಲದಿಂದ ತಯಾರಿಸಿದ್ದರಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಸಸ್ಸಾಫ್ರಾಸ್ ಎಂಬ ಮರದ ಬೇರಿನಿಂದ ಬರುವ ಸ್ಯಾಫ್ರೋಲ್ ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಉಂಟುಮಾಡುತ್ತದೆಂದು ತಿಳಿದ ಮೇಲೆ ಅಮೆರಿಕ ಅದನ್ನು 1960ರಲ್ಲಿ ನಿಷೇಧಿಸಿತು. ಟಾಂಕಾ ಬೀಜದ ಕೂಮರಿನ್ ಅನ್ನು 1954ರಲ್ಲೇ ನಿಲ್ಲಿಸಿತ್ತು. ಇವೆರಡೂ ಗಿಡಮರಗಳ ಕೊಡುಗೆಗಳೇ. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಅನ್ನು ಬಹಳ ದಿನ ಹೆಚ್ಚು ಪ್ರಮಾಣದಲ್ಲಿ ತಿಂದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಇದನ್ನು ಲಘುವಾಗಿ ಕಾಣಬಾರದು.

ಸ್ವಾದಕಾರಕಗಳನ್ನು ಆಹಾರದಲ್ಲಿ ಬೆರೆಸುವುದು ಸಾಮಾನ್ಯವಾಗಿ ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗಗಳಷ್ಟು. ಹೆಚ್ಚು ಹಾಕಿದರೆ ಬಾಯಿಗಿಡಲಾಗುವುದಿಲ್ಲ. ಆದರೆ ಒಂದೇ ಪದಾರ್ಥ ದೇಹವನ್ನು ಸೇರುವ ದಾರಿ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ಹುದುಗಿಸಿದ ಹಾಲಿನ ಪದಾರ್ಥಗಳಲ್ಲಿ ತಾನಾಗಿಯೇ ಉಂಟಾಗುತ್ತದೆ, ಆಹಾರದ ಜೊತೆ ತಿನ್ನಲು ಒಪ್ಪಿಗೆಯಾದ ಸ್ವಾದಕಾರಕವೂ ಹೌದು. ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಬಿಸಿ ಆವಿಯನ್ನು ದಿನವಿಡೀ ಉಸಿರಾಡುತ್ತಿದ್ದ ಕಾರ್ಮಿಕರ ಶ್ವಾಸಕೋಶದ ಕಿರುನಾಳಗಳು ಮುಚ್ಚಿಕೊಂಡು ಸರಿಪಡಿಸಲಾಗದಂತೆ ಹಾನಿಯಾದದ್ದು 2000ದಲ್ಲಿ ಬೆಳಕಿಗೆ ಬಂತು. ತಿನ್ನಲು ಸುರಕ್ಷಿತ ಎಂಬ ಪ್ರಮಾಣಪತ್ರ ಉಸಿರಾಡುವುದಕ್ಕೆ ಅನ್ವಯಿಸುವುದಿಲ್ಲ. ಆಹಾರದ ಸ್ವಾದಗಳನ್ನೇ ಬಳಸುತ್ತೇವೆ ಎಂದು ಹೇಳಿ ಮಾರುವ ಎಲೆಕ್ಟ್ರಾನಿಕ್ ಸಿಗರೇಟುಗಳ ವಿಷಯದಲ್ಲಿ ಇದನ್ನು ಹದಿಹರೆಯದವರಿಗೆ ತಿಳಿಸಿಹೇಳುವುದು ತೀರಾ ಅಗತ್ಯ.

ಪ್ರಶ್ನೆ: ತಂಪು ಪಾನೀಯಗಳಲ್ಲಿರುವ ಸೋಡಿಯಂ ಬೆಂಜೋಯೇಟ್ ವಿಟಮಿನ್ ಸಿ ಜೊತೆ ಸೇರಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ಆಗುತ್ತದೆಂದು ಓದಿದೆ. ನಿಜವೆ?

ಉತ್ತರ: ನಿಜ, ಆದರೆ ಅತಿ ಸಣ್ಣ ಪ್ರಮಾಣದಲ್ಲಿ, ಅದೂ ಕೆಲವು ಸಂದರ್ಭಗಳಲ್ಲಿ. ಬೆಂಜೋಯೇಟ್ (211) ಹುಳಿ ಪದಾರ್ಥಗಳಲ್ಲಿ ಬೂಷ್ಟು ಮತ್ತು ಯೀಸ್ಟ್ ಬೆಳೆಯದಂತೆ ತಡೆಯುತ್ತದೆ. ಇದರ ಮೂಲವಾದ ಬೆಂಜೋಯಿಕ್ ಆಮ್ಲ ಕ್ರ್ಯಾನ್‌ಬೆರಿಯಂಥ ಹಣ್ಣುಗಳಲ್ಲಿ ಸಹಜವಾಗಿಯೇ ಇದೆ. ಹುಳಿ ದ್ರಾವಣದಲ್ಲಿ ಲೋಹದ ಕುರುಹು ಇದ್ದು, ಬಾಟಲಿಗೆ ಬಿಸಿಲು ಮತ್ತು ಶಾಖ ತಗುಲಿದಾಗ ಬೆಂಜೋಯೇಟ್ ಮತ್ತು ವಿಟಮಿನ್ ಸಿ ವರ್ತಿಸಿ ಅಲ್ಪ ಬೆಂಜೀನ್ ಉಂಟಾಗಬಹುದು. ಇದು ತಯಾರಕರಿಗೆ ತಿಳಿದ ಮೇಲೆ ಮತ್ತು 2005ರ ಬಳಿಕ ಮತ್ತೆ ಪರೀಕ್ಷೆಗಳು ನಡೆದ ಮೇಲೆ ಅನೇಕ ಪಾನೀಯಗಳ ಸೂತ್ರವನ್ನು ಬದಲಿಸಲಾಯಿತು. ಬಾಟಲಿಗಳನ್ನು ಬಿಸಿಲಿನಲ್ಲಿ, ಮುಚ್ಚಿದ ವಾಹನದಲ್ಲಿ ಬಿಡದಿರುವುದು ನಮ್ಮ ಕೈಯಲ್ಲಿರುವ ಸರಳ ಎಚ್ಚರಿಕೆ.

ನನಗೆ ಹೆಚ್ಚು ಕಾಳಜಿ ಇರುವುದು ಇನ್ನೊಂದು ಲೆಕ್ಕದ ಬಗ್ಗೆ. ಬೆಂಜೋಯೇಟಿಗೆ ಯುರೋಪಿನ ಸಂಸ್ಥೆ ಹಾಕಿರುವ ದೈನಂದಿನ ಮಿತಿ ದೇಹತೂಕದ ಕಿಲೋಗೆ 5 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ ಅದು ದಿನಕ್ಕೆ 100 ಮಿಲಿಗ್ರಾಂ. ಯುರೋಪಿನಲ್ಲಿ ಇಂಥ ಪಾನೀಯದ ಲೀಟರಿಗೆ 150 ಮಿಲಿಗ್ರಾಂವರೆಗೆ ಬೆರೆಸಲು ಅವಕಾಶವಿದೆ. ಅಷ್ಟೂ ಬೆರೆಸಿದ್ದರೆ ಸುಮಾರು 660 ಮಿಲಿಲೀಟರ್ ಕುಡಿಯುವಷ್ಟರಲ್ಲಿ ಆ ಮಗು ಮಿತಿಯನ್ನು ಮುಟ್ಟುತ್ತದೆ. ಒಂದು ದಿನ ಮಿತಿ ದಾಟಿದರೆ ಅನಾಹುತವಾಗುವುದಿಲ್ಲ, ನೂರುಪಟ್ಟಿನ ಅಂತರವನ್ನು ಇಟ್ಟಿರುವುದು ಅದಕ್ಕಾಗಿಯೇ. ಆದರೆ ವಯಸ್ಕರಿಗೆ ದೂರದ ಮಾತಾಗಿರುವ ಮಿತಿಗಳು ಮಕ್ಕಳಿಗೆ ಎಷ್ಟು ಹತ್ತಿರವಿರುತ್ತವೆ ಎಂಬುದು ಪೋಷಕರಿಗೆ ಗೊತ್ತಿರಬೇಕು.

ಸಂರಕ್ಷಕವೇ ಇಲ್ಲದ ಆಹಾರ ಮೇಲು ಎನ್ನುವವರು ಮಾಂಸಕ್ಕೆ ಬಳಸುವ ಸೋಡಿಯಂ ನೈಟ್ರೈಟ್ (250) ವಿಷಯವನ್ನು ನೋಡಬೇಕು. ಅದು ಬೊಟುಲಿಸಂ ಎಂಬ ಮಾರಕ ಕಾಯಿಲೆಗೆ ಕಾರಣವಾದ ವಿಷವನ್ನು ತಯಾರಿಸುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಅದೇ ಸಮಯದಲ್ಲಿ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳು ಉಂಟಾಗುವುದಕ್ಕೂ ದಾರಿ ಮಾಡಬಹುದು. ಅದನ್ನು ಕಡಿಮೆ ಮಾಡಲು ವಿಟಮಿನ್ ಸಿ ಬೆರೆಸುತ್ತಾರೆ. ಸಂಸ್ಕರಿತ ಮಾಂಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅಂಥ ಮಾಂಸವನ್ನು ಅಪರೂಪಕ್ಕೆ ತಿನ್ನುವುದೇ ಒಳ್ಳೆಯದು.

ಪ್ರಶ್ನೆ: ಬಣ್ಣದ ಮಿಠಾಯಿ ತಿಂದರೆ ಮಕ್ಕಳ ಚೇಷ್ಟೆ ಹೆಚ್ಚಾಗುತ್ತದೆಯೆ?

ಉತ್ತರ: ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ ಮತ್ತು 8–9 ವರ್ಷದ ಮಕ್ಕಳಿಗೆ ಕೃತಕ ಬಣ್ಣಗಳು ಮತ್ತು ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯ ಕೊಟ್ಟು ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಚಟುವಟಿಕೆಯಲ್ಲಿ ಸಣ್ಣ ಏರಿಕೆ ಕಂಡುಬಂತು. ಅದು ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಇರಲಿಲ್ಲ, ಮಿಶ್ರಣದಲ್ಲಿ ಯಾವ ಪದಾರ್ಥ ಕಾರಣವೆಂದು ಹೇಳುವುದೂ ಸಾಧ್ಯವಿರಲಿಲ್ಲ. ಆದರೂ ಟಾರ್ಟ್ರಜಿನ್ (102), ಸನ್‌ಸೆಟ್ ಯೆಲ್ಲೋ (110), ಅಲ್ಯೂರಾ ರೆಡ್ (129) ಸೇರಿ ಆರು ಬಣ್ಣಗಳಿರುವ ಆಹಾರದ ಮೇಲೆ ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಗೆ ಧಕ್ಕೆಯಾಗಬಹುದೆಂಬ ಎಚ್ಚರಿಕೆ ಬರೆಯುವುದನ್ನು ಯುರೋಪಿನ ಒಕ್ಕೂಟ 2010ರ ಜುಲೈನಿಂದ ಕಡ್ಡಾಯ ಮಾಡಿತು. ಬಣ್ಣ ಆಹಾರವನ್ನು ಕೆಡದಂತೆ ಕಾಯುವುದಿಲ್ಲ, ಪೋಷಣೆಯನ್ನೂ ಕೊಡುವುದಿಲ್ಲ. ಹಾಗಾಗಿ ನಿಮ್ಮ ಮಗುವಿನಲ್ಲಿ ವ್ಯತ್ಯಾಸ ಕಾಣುತ್ತಿದೆ ಅನ್ನಿಸಿದರೆ ಅದನ್ನು ಬಿಟ್ಟು ನೋಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಪ್ರಶ್ನೆ: ಮಧುಮೇಹವಿರುವುದರಿಂದ ಸಕ್ಕರೆಯ ಬದಲು ಆಸ್ಪರ್ಟೇಮ್ ಎಂಬ ಸಿಹಿಕಾರಕ ಬಳಸುತ್ತೇನೆ. ಅದು ಕ್ಯಾನ್ಸರ್ ತರುತ್ತದೆಂಬ ಸುದ್ದಿ ಕೇಳಿ ಗಾಬರಿಯಾಗಿದೆ.

ಉತ್ತರ: 2023ರ ಜುಲೈನಲ್ಲಿ ಒಂದೇ ದಿನ ಎರಡು ತೀರ್ಮಾನಗಳು ಹೊರಬಂದವು, ಸುದ್ದಿಯಾದದ್ದು ಮಾತ್ರ ಒಂದು. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೀಮಿತ ಪುರಾವೆಯ ಮೇಲೆ ಆಸ್ಪರ್ಟೇಮನ್ನು 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಇದೆ' ಎಂಬ ಗುಂಪಿಗೆ ಸೇರಿಸಿತು. ಎಷ್ಟು ತಿಂದರೆ ಅಪಾಯ ಎಂಬುದು ಆ ವರ್ಗೀಕರಣದ ವಿಷಯವಲ್ಲ. ಅದನ್ನು ನೋಡುವ ಜಂಟಿ ಸಮಿತಿ, ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದಿತು. ಒಂದು ಕ್ಯಾನ್ ಪಾನೀಯದಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ, 70 ಕಿಲೋ ತೂಕದವರು ಬೇರೆ ಯಾವ ಮೂಲದಿಂದಲೂ ತೆಗೆದುಕೊಳ್ಳದಿದ್ದಲ್ಲಿ ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್ ಕುಡಿಯಬೇಕಾಗುತ್ತದೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆ ಇರುವವರು ಮಾತ್ರ ಇದನ್ನು ಬಿಡಲೇಬೇಕು, ಏಕೆಂದರೆ ಆಸ್ಪರ್ಟೇಮ್ ಒಡೆದಾಗ ಬರುವ ಫೀನೈಲ್‌ಅಲನಿನ್ ಅವರ ದೇಹದಲ್ಲಿ ಶೇಖರವಾಗುತ್ತದೆ. ಸಾರ್ಬಿಟಾಲ್‌ನಂಥ ಸಿಹಿಕಾರಕಗಳು ಹೆಚ್ಚಾದರೆ ಹೊಟ್ಟೆ ಕೆಟ್ಟು ಭೇದಿಯಾಗಬಹುದು.

ಪ್ರಶ್ನೆ: ಇಂದು ಸುರಕ್ಷಿತವೆನ್ನುವುದನ್ನು ನಾಳೆ ನಿಷೇಧಿಸುತ್ತಾರೆ. ಹಾಗಾದರೆ ಇವರ ಮಾತನ್ನು ನಂಬುವುದು ಹೇಗೆ?

ಉತ್ತರ: ಈ ಅಸಮಾಧಾನಕ್ಕೆ ಕಾರಣವಿದೆ. ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆಗಳನ್ನು ದಶಕಗಳ ಕಾಲ ಸುರಕ್ಷಿತವೆಂದೇ ಬಳಸಲಾಯಿತು. ಅವುಗಳಲ್ಲಿರುವ ಟ್ರಾನ್ಸ್ ಕೊಬ್ಬು ಹೃದ್ರೋಗವನ್ನು ಹೆಚ್ಚಿಸುತ್ತದೆ ಎಂಬುದು ಖಚಿತವಾದ ಮೇಲೂ, ಅಮೆರಿಕ ಆ ಮಾನ್ಯತೆಯನ್ನು ಹಿಂದೆಗೆದುಕೊಂಡದ್ದು 2015ರಲ್ಲಿ. ಅಷ್ಟು ತಡವಾದದ್ದಕ್ಕೆ ತೆತ್ತ ಬೆಲೆ ಜನರ ಪ್ರಾಣ. ಅಮೆರಿಕದ ವ್ಯವಸ್ಥೆಯಲ್ಲಿ ತಯಾರಕರೇ ತಜ್ಞರನ್ನು ಕೂಡಿಸಿ ತಮ್ಮ ಪದಾರ್ಥ ಸುರಕ್ಷಿತವೆಂದು ನಿರ್ಧರಿಸಿ, ಸರ್ಕಾರಕ್ಕೆ ತಿಳಿಸದೆಯೂ ಬಳಸಲು ಅವಕಾಶವಿತ್ತು. ಇದನ್ನು ನಾನು ಗಂಭೀರ ಲೋಪವೆಂದೇ ಭಾವಿಸುತ್ತೇನೆ.

ಆದರೆ ತೀರ್ಮಾನ ಬದಲಾದದ್ದೆಲ್ಲ ಮೋಸವಲ್ಲ, ಒಂದೇ ಪುರಾವೆಯನ್ನು ನೋಡಿ ತಜ್ಞರು ಬೇರೆ ಬೇರೆ ಮಟ್ಟದ ಎಚ್ಚರಿಕೆ ವಹಿಸುವುದೂ ಉಂಟು. ಬಿಳಿಯ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡ್ (171) ವಂಶವಾಹಿಗಳಿಗೆ ಹಾನಿ ಮಾಡುವುದಿಲ್ಲವೆಂದು ಖಚಿತವಾಗಿ ಹೇಳಲಾಗದು ಎಂದು 2021ರಲ್ಲಿ ಯುರೋಪಿನ ಸಂಸ್ಥೆ ಹೇಳಿತು, 2022ರಲ್ಲಿ ಅಲ್ಲಿ ಆಹಾರದಲ್ಲಿ ಅದರ ಬಳಕೆ ನಿಂತಿತು. ಜಂಟಿ ಸಮಿತಿ 2023ರಲ್ಲಿ ಅದೇ ಪ್ರಶ್ನೆಯನ್ನು ಪರಿಶೀಲಿಸಿ ಅದಕ್ಕೆ ಅಂಕಿಯ ಮಿತಿ ಬೇಕಿಲ್ಲವೆಂದಿತು. ಸೈಕ್ಲಮೇಟ್ ಸಿಹಿಕಾರಕವನ್ನು ಅಮೆರಿಕ 1969ರಲ್ಲಿ ನಿಷೇಧಿಸಿತು, ಯುರೋಪಿನಲ್ಲಿ ಅದು ಇಂದಿಗೂ ಚಲಾವಣೆಯಲ್ಲಿದೆ. ಇಂಥ ಭಿನ್ನಾಭಿಪ್ರಾಯವಿರುವ, ಅದರಲ್ಲೂ ಬರಿಯ ನೋಟಕ್ಕಾಗಿ ಬಳಸುವ ಪದಾರ್ಥವನ್ನು ನಾನಂತೂ ಬಿಡುತ್ತೇನೆ. ಸಿಟ್ರಿಕ್ ಆಮ್ಲ, ಪೆಕ್ಟಿನ್, ಲೆಸಿಥಿನ್‌ಗಳನ್ನು ಅದೇ ಗುಂಪಿಗೆ ಸೇರಿಸಿ ಹೆದರುವುದಿಲ್ಲ.

ಪ್ರಶ್ನೆ: ಸಸ್ಯಾಹಾರಿಗಳು ಯಾವ ಸಂಖ್ಯೆಗಳನ್ನು ಗಮನಿಸಬೇಕು?

ಉತ್ತರ: 120 ಎಂಬ ಕೆಂಪು ಬಣ್ಣ ಕೊಚಿನೀಲ್ ಎಂಬ ಕೀಟದಿಂದ ಬರುತ್ತದೆ, ಅಪರೂಪಕ್ಕೆ ಕೆಲವರಿಗೆ ತೀವ್ರ ಅಲರ್ಜಿಯನ್ನೂ ಉಂಟುಮಾಡುತ್ತದೆ. 471 ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ರುಚಿ ಹೆಚ್ಚಿಸಲು ಬಳಸುವ 631 ಮೀನು, ಮಾಂಸದಿಂದಲೂ ಬರಬಹುದು, ಹುದುಗುವಿಕೆಯಿಂದಲೂ ಬರಬಹುದು. ಸಂಖ್ಯೆಯಿಂದ ಮೂಲ ತಿಳಿಯುವುದಿಲ್ಲ, ಪೊಟ್ಟಣದ ಮೇಲಿನ ಸಸ್ಯಾಹಾರದ ಗುರುತನ್ನೇ ನೋಡಬೇಕು.

ಪ್ರಶ್ನೆ: ನನಗೆ ಆಸ್ತಮಾ ಇದೆ. ಒಣಹಣ್ಣು ತಿಂದಾಗ ಕೆಲವೊಮ್ಮೆ ಉಸಿರು ಕಟ್ಟಿದಂತಾಗುತ್ತದೆ. ಬೆರೆಸಿದ ಪದಾರ್ಥ ಕಾರಣವಿರಬಹುದೆ?

ಉತ್ತರ: ಖಂಡಿತ ಇರಬಹುದು. ಒಣಹಣ್ಣು ಕಪ್ಪಾಗದಂತೆ ಸಲ್ಫೈಟ್‌ಗಳನ್ನು (220ರಿಂದ 228) ಬಳಸುತ್ತಾರೆ, ವೈನ್‌ನಲ್ಲೂ ಅವು ಇರುತ್ತವೆ. ಹೆಚ್ಚಿನ ಜನರಿಗೆ ಇವುಗಳಿಂದ ತೊಂದರೆಯಿಲ್ಲ. ಆದರೆ ಆಸ್ತಮಾ ಇರುವವರಲ್ಲಿ ಕೆಲವರಿಗೆ, ತಿನ್ನುವಾಗ ಹೊರಬರುವ ಗಂಧಕದ ಡೈಆಕ್ಸೈಡ್ ಅನಿಲವೇ ಶ್ವಾಸನಾಳವನ್ನು ಸಂಕುಚಿತಗೊಳಿಸುತ್ತದೆ. ತೀವ್ರ ಪ್ರಕರಣಗಳು ವರದಿಯಾದ ಮೇಲೆ ಅಮೆರಿಕ 1986ರಲ್ಲಿ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗಳಿಗೆ ಇವನ್ನು ಹಾಕುವುದನ್ನು ನಿಷೇಧಿಸಿತು. ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕೆಂಬ ನಿಯಮ ಯುರೋಪಿನಲ್ಲಿದೆ. ಒಣಗಿಸಿದ ಏಪ್ರಿಕಾಟ್ ಹೊಳೆಯುವ ಕಿತ್ತಳೆ ಬಣ್ಣದಲ್ಲಿದ್ದರೆ ಅದಕ್ಕೆ ಸಲ್ಫೈಟ್ ಹಾಕಿರುವುದು ಬಹುತೇಕ ಖಚಿತ, ಹಾಕದಿದ್ದದ್ದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಉಸಿರು ಕಟ್ಟಿದ ದಿನ ತಿಂದ ಪೊಟ್ಟಣವನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ನೀವಾಗಿಯೇ ತಿಂದು ಪರೀಕ್ಷಿಸಲು ಹೋಗಬೇಡಿ, ಆ ಪರೀಕ್ಷೆಯನ್ನು ವೈದ್ಯರ ಸಮ್ಮುಖದಲ್ಲಿ ಮಾತ್ರ ಮಾಡಬೇಕು.